ಮಲೆನಾಡಿನ ಮಣ್ಣು ರಸ್ತೆಗೆ ಯಾವ ಅಡ್ವೆಂಚರ್ ಬೈಕ್? ಚೈನ್ ಕಿಟ್ ಯಾಕೆ ಇಷ್ಟು ಬೇಗ ಹೋಗುತ್ತಿದೆ?

ಅಡಿಕೆತೋಟ · ಜೂನ್ 6, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ತಾಲ್ಲೂಕು, ಆಗುಂಬೆ ಕಡೆ. ಮನೆಯಿಂದ ಡಾಂಬರು ರಸ್ತೆಗೆ 4 ಕಿ.ಮೀ. ಜಂಬಿಟ್ಟಿಗೆ ಮಣ್ಣಿನ ದಾರಿ. ಮಳೆಗಾಲದಲ್ಲಿ ಅದು ದಾರಿಯೋ ಹಳ್ಳವೋ ಗೊತ್ತಾಗುವುದಿಲ್ಲ. ದಿನಾ ಬೆಳಿಗ್ಗೆ 20 ಲೀಟರ್ ಕ್ಯಾನಿನಲ್ಲಿ ಡೇರಿಗೆ ಹಾಲು ಒಯ್ಯುತ್ತೇನೆ. ವಾಪಸ್ ಬರುವಾಗ ಹಿಂದೆ ಹಿಂಡಿ ಚೀಲ ಇರುತ್ತದೆ.

ಈಗಿರುವುದು 150 ಸಿಸಿಯ ಹಳೇ ಗಾಡಿ. ಮೂರನೇ ಚೈನ್ ಕಿಟ್ (ಚೈನು ಮತ್ತು ಅದು ಓಡುವ ಎರಡು ಹಲ್ಲಿನ ಚಕ್ರ, ಅಂದರೆ ಸ್ಪ್ರಾಕೆಟ್) ಮುಗಿಯುತ್ತಾ ಬಂದಿದೆ. ಹಾಕಿಸಿ 9,000 ಕಿ.ಮೀ. ಕೂಡ ಆಗಿಲ್ಲ. ಪ್ರತಿ ಭಾನುವಾರ ತಪ್ಪದೆ ಎಣ್ಣೆ ಹಾಕುತ್ತೇನೆ. ಚೈನ್ ಸ್ವಲ್ಪ ಲೂಸಾದರೂ ಪೇಟೆಯಲ್ಲಿ ಬಿಗಿ ಮಾಡಿಸುತ್ತೇನೆ. ಆದರೂ ಹಿಂಗೆ. ಈಗ ಎಂಜಿನ್ ಸ್ಪ್ರಾಕೆಟ್ ಹತ್ತಿರ ಎಣ್ಣೆ ಜಿನುಗುವುದು ಶುರುವಾಗಿದೆ. ಅಂಗಡಿಯಲ್ಲಿ ಕೇಳಿದರೆ "ನಿಮ್ಮ ರಸ್ತೆ ಸರಿ ಇಲ್ಲ" ಎನ್ನುತ್ತಾರೆ.

ಹಾಗಾಗಿ ಗಾಡಿಯನ್ನೇ ಬದಲಿಸೋಣ ಎಂದುಕೊಂಡೆ. ಹಿಮಾಲಯನ್ 450, ಕೆಟಿಎಂ 390 ಅಡ್ವೆಂಚರ್, ಎಕ್ಸ್‌ಪಲ್ಸ್ 210 ಮನಸ್ಸಿನಲ್ಲಿವೆ. ಶಾಫ್ಟ್ ಇರುವ ಗಾಡಿ ತಗೊಂಡರೆ ಚೈನಿನ ತಲೆನೋವೇ ಇರುವುದಿಲ್ಲ ಎಂದು ಭಾವ ಹೇಳಿದರು. ಅದು ನಿಜವಾ? ಅನುಭವ ಇದ್ದವರು ಹೇಳಿ. ದಿನದ ಕೆಲಸವೂ ಆಗಬೇಕು, ವರ್ಷಕ್ಕೊಮ್ಮೆ ದೂರ ಹೋಗಿ ಬರುವ ಆಸೆಯೂ ಇದೆ.

ಘಾಟಿದಾರಿ · ಜೂನ್ 6, ರಾತ್ರಿ 10:02

ನಮಸ್ಕಾರ ಅಣ್ಣ. ನಾನು ಬೆಂಗಳೂರಿನವಳು. ಹಳೇ ಹಿಮಾಲಯನ್ 411 ಓಡಿಸಿದ್ದೇನೆ, ಈಗ 450 ಇದೆ. ತಂಗಿಯ ಹತ್ತಿರ ಎಕ್ಸ್‌ಪಲ್ಸ್ ಇದೆ, ಅದನ್ನೂ ತುಂಬಾ ಓಡಿಸಿದ್ದೇನೆ. ಗೆಳತಿಯ 390 ಅಡ್ವೆಂಚರ್‌ನಲ್ಲಿ ಒಮ್ಮೆ ಚಿಕ್ಕಮಗಳೂರು, ಕುದುರೆಮುಖ ಸುತ್ತಿ ಬಂದೆ.

ಹಿಮಾಲಯನ್ 450 ದೂರದ ದಾರಿಗೆ ತುಂಬಾ ಒಳ್ಳೆಯದು. 452 ಸಿಸಿ, 40 ಪಿಎಸ್ (ಹಾರ್ಸ್‌ಪವರ್ ಥರದ ಶಕ್ತಿಯ ಅಳತೆ), ಟ್ಯಾಂಕ್ 17 ಲೀಟರ್. ಹಿಂದೆ ಮುಂದೆ 200 ಮಿ.ಮೀ. ಸಸ್ಪೆನ್ಶನ್. ಗುಂಡಿ ಬಂದರೆ ಅದರ ಮೇಲೆ ಹಾಗೇ ತೇಲಿ ಹೋಗುತ್ತದೆ. ಆದರೆ ತೂಕ 196 ಕೆ.ಜಿ. ಒದ್ದೆ ಜಂಬಿಟ್ಟಿಗೆ ಮಣ್ಣಿನಲ್ಲಿ ಒಂದು ಸಲ ಬಿದ್ದರೆ ಒಬ್ಬಳೇ ಎತ್ತುವುದು ಸುಲಭವಲ್ಲ. ದೇವರಮನೆ ಹತ್ತಿರ ಬಿದ್ದಾಗ ಇಬ್ಬರು ದನ ಕಾಯುವವರು ಬಂದು ಕೈ ಹಾಕಿದರು. ಆ ಋಣ ಮರೆಯುವುದಿಲ್ಲ.

390 ಅಡ್ವೆಂಚರ್ ಬೇರೆಯದೇ ಸ್ವಭಾವ. 2025ರ ಹೊಸ ಮಾದರಿಗೆ 399 ಸಿಸಿ, 46 ಪಿಎಸ್. ಮೊದಲಿನದಕ್ಕೆ ಮುಂದೆ 19 ಇಂಚಿನ ಚಕ್ರ ಇತ್ತು, ಹೊಸದಕ್ಕೆ 21 ಬಂದಿದೆ. ಹಿಮಾಲಯನ್‌ಗಿಂತ ಹಗುರ. ಎಂಜಿನ್ ಮೇಲಕ್ಕೆ ತಿರುಗಿಸಿದಷ್ಟೂ ಖುಷಿ. ಆದರೆ ಹಾಲಿನ ಕ್ಯಾನ್ ಕಟ್ಟಿಕೊಂಡು ಎರಡನೇ ಗೇರಿನಲ್ಲಿ ಮೆಲ್ಲಗೆ ಹತ್ತುವ ಕೆಲಸಕ್ಕೆ ನನಗೆ ಹಿಮಾಲಯನ್ ಎಂಜಿನ್ನೇ ಇಷ್ಟ.

ನಿಮ್ಮ 4 ಕಿ.ಮೀ. ದಾರಿ ಓದಿದಾಗ ನನಗೆ ಮೊದಲು ನೆನಪಾಗಿದ್ದು ಎಕ್ಸ್‌ಪಲ್ಸ್. ಹಗುರ, ಮುಂದೆ 21, ಹಿಂದೆ 18 ಇಂಚು. ಬಿದ್ದರೆ ಎತ್ತಬಹುದು, ಸಿಕ್ಕಿಕೊಂಡರೆ ಎಳೆಯಬಹುದು. 210 ಸಿಸಿಯದಕ್ಕೆ ಸುಮಾರು 25 ಪಿಎಸ್ ಇದೆ. ಹೈವೇಯಲ್ಲಿ ಅವೆರಡರ ಹಿಂದೆ ಉಳಿಯುತ್ತದೆ, ಅಷ್ಟೇ.

ದೂರದೂರು · ಜೂನ್ 6, ರಾತ್ರಿ 11:48

ಶಾಫ್ಟ್ ಬಗ್ಗೆ ಕೇಳಿದ್ದೀರಿ. ನಾನು ಶಿವಮೊಗ್ಗದವನು, 12 ವರ್ಷದಿಂದ ಜರ್ಮನಿಯಲ್ಲಿದ್ದೇನೆ. ನನ್ನ ಹತ್ತಿರ ಶಾಫ್ಟ್ ಇರುವ ಬಿಎಂಡಬ್ಲ್ಯು ಜಿಎಸ್ ಇದೆ.

ಶಾಫ್ಟ್ ಅಂದರೆ ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಕ್ಕೆ ಹೋಗುವ ಉಕ್ಕಿನ ದಂಡ. ಸಸ್ಪೆನ್ಶನ್ ಮೇಲೆ ಕೆಳಗೆ ಆಡಬೇಕಲ್ಲ, ಅದಕ್ಕೆ ನಡುವೆ ಮಡಚುವ ಕೀಲು ಇರುತ್ತದೆ. ಕೊನೆಯಲ್ಲಿ ತಿರುಗುವ ದಿಕ್ಕನ್ನು ಚಕ್ರದ ಕಡೆಗೆ ಬದಲಿಸುವ ಒಂದು ಜೋಡಿ ಬೆವೆಲ್ ಗೇರು. ಎಲ್ಲವೂ ಮುಚ್ಚಿದ ಗೂಡಿನೊಳಗೆ. ಮಣ್ಣು ಹೋಗುವುದಿಲ್ಲ, ದಿನಾ ಎಣ್ಣೆ ಹಾಕುವ ಕೆಲಸವಿಲ್ಲ. ಹಿಂದಿನ ಡ್ರೈವ್‌ನಲ್ಲಿ 200 ಮಿ.ಲೀ.ಗೂ ಕಡಿಮೆ ಗೇರ್ ಆಯಿಲ್ ಇರುತ್ತದೆ. ಅದನ್ನು ಹೇಳಿದ ಸಮಯಕ್ಕೆ ಬದಲಿಸಬೇಕು. 1980ರಲ್ಲಿ ಆರ್ 80 ಜಿ/ಎಸ್ ಬಂದಾಗಿನಿಂದ ದೊಡ್ಡ ಜಿಎಸ್‌ಗಳೆಲ್ಲಾ ಹೀಗೇ. ಮರುವರ್ಷವೇ ಆ ಗಾಡಿ ಪ್ಯಾರಿಸ್ ಡಾಕರ್ ಗೆದ್ದಿತು.

ಆದರೆ ನಿಮ್ಮ ಕೆಲಸಕ್ಕೆ ನಾನು ಇದನ್ನು ಖಂಡಿತ ಹೇಳುವುದಿಲ್ಲ. ಶಾಫ್ಟ್ ಭಾರ, ದುಬಾರಿ. ಹಾಗಾಗಿ ದೊಡ್ಡ ಗಾಡಿಗಳಿಗೆ ಮಾತ್ರ ಬರುತ್ತದೆ. ಈಗಿನ ಆರ್ 1300 ಜಿಎಸ್ ತೂಕವೇ 237 ಕೆ.ಜಿ. ಭಾರತದಲ್ಲಿ ಬೆಲೆ 20 ಲಕ್ಷದ ಮೇಲೆ. ಟ್ರಯಂಫ್ ಟೈಗರ್ 1200ಗೂ ಶಾಫ್ಟ್ ಇದೆ, ಅದೂ ಅದೇ ಅಂತಸ್ತಿನದು. ನಿಮ್ಮ ಪಟ್ಟಿಯಲ್ಲಿರುವ ಗಾತ್ರದಲ್ಲಿ ಶಾಫ್ಟ್ ಸಿಗುವುದಿಲ್ಲ. ಇನ್ನೊಂದು ಮಾತು. ಚೈನ್ ಕೆಟ್ಟರೆ ತೀರ್ಥಹಳ್ಳಿಯಲ್ಲೇ ಸರಿಯಾಗುತ್ತದೆ. ಶಾಫ್ಟಿನ ಸೀಲೋ ಬೇರಿಂಗೋ ಹೋದರೆ ಗಾಡಿಯನ್ನು ಲಾರಿಗೆ ಹಾಕಬೇಕು.

ಹೋಂಡಾ ಆಫ್ರಿಕಾ ಟ್ವಿನ್ ದೊಡ್ಡ ಗಾಡಿ. ಅದಕ್ಕೂ ಚೈನೇ. ಹಾರ್ಲೆಯವರು ಚೈನಿನ ಬದಲು ಬೆಲ್ಟ್ ಹಾಕುವುದಕ್ಕೆ ಹೆಸರಾದವರು, ಅವರೂ ತಮ್ಮ ಅಡ್ವೆಂಚರ್ ಗಾಡಿ ಪ್ಯಾನ್ ಅಮೆರಿಕಾಗೆ ಚೈನ್ ಹಾಕಿದರು. ಬೆಲ್ಟಿಗೂ ಚಕ್ರಕ್ಕೂ ನಡುವೆ ಒಂದು ಕಲ್ಲು ಸಿಕ್ಕಿದರೆ ಬೆಲ್ಟ್ ಕಥೆ ಮುಗಿಯಿತು. ಚೈನ್ ಅಷ್ಟು ಸುಲಭಕ್ಕೆ ಸೋಲುವುದಿಲ್ಲ.

ಕಡಲತಡಿ · ಜೂನ್ 7, ಬೆಳಿಗ್ಗೆ 7:20

ಕುಮಟಾದಿಂದ. ನಮ್ಮಲ್ಲಿ ಮಣ್ಣಿಗಿಂತ ಉಪ್ಪುಗಾಳಿಯ ಕಾಟ ಜಾಸ್ತಿ. ಎರಡು ದಿನ ಮಳೆಯಲ್ಲಿ ನಿಲ್ಲಿಸಿದರೆ ಚೈನ್ ಕೆಂಪಗಾಗುತ್ತದೆ. ನಾನು ಮಳೆಗಾಲದಲ್ಲಿ ದಿನ ಬಿಟ್ಟು ದಿನ 90 ನಂಬರ್ ಗೇರ್ ಆಯಿಲ್ ಹಾಕುತ್ತೇನೆ. ಸ್ಪ್ರೇ ಡಬ್ಬಿ ತಿಂಗಳೂ ಬರುವುದಿಲ್ಲ, ದುಡ್ಡು ಸುಮ್ನೆ ಹೋಗುತ್ತದೆ. ವಾರಕ್ಕೊಮ್ಮೆ ಎಣ್ಣೆ ಅಂದರೆ ನಿಮ್ಮ ಆಗುಂಬೆ ಮಳೆಗೆ ಸಾಲದು ಅಣ್ಣ. ನಿಮ್ಮ ಚೈನ್ ಹೋಗುತ್ತಿರುವುದು ಅದಕ್ಕೇ ಎಂದು ನನಗನ್ನಿಸುತ್ತದೆ.

ಘಾಟಿದಾರಿ · ಜೂನ್ 7, ಬೆಳಿಗ್ಗೆ 8:05

ಮಳೆಗೆ ಒಪ್ಪುತ್ತೇನೆ. ಆದರೆ ಎಲ್ಲ ಕಡೆ ಎಣ್ಣೆ ಜಾಸ್ತಿ ಹಾಕುವುದು ಸರಿಯಲ್ಲ. ಮನಾಲಿ-ಲೇಹ್ ದಾರಿಯಲ್ಲಿ ಮೋರೆ ಬಯಲು ದಾಟುವಾಗ ನಾನು ಅದೇ ತಪ್ಪು ಮಾಡಿದೆ. ಬೆಳಿಗ್ಗೆ ಧಾರಾಳವಾಗಿ ಹಾಕಿದೆ. ಸಂಜೆ ಹೊತ್ತಿಗೆ ಹಿಟ್ಟಿನಂಥ ದೂಳು ಅಂಟಿ ಕಪ್ಪು ಮುದ್ದೆಯಾಗಿತ್ತು. ಬೆರಳಲ್ಲಿ ಉಜ್ಜಿದರೆ ಗರಗರ. ಚೈನಿಗೆ ಸಾಣೆ ಹಿಡಿದ ಹಾಗೆಯೇ ಅಲ್ವಾ ಅದು?

ಆಮೇಲಿಂದ ಒಣ ದೂಳಿನಲ್ಲಿ ರಾತ್ರಿ ಹಾಕಿ, ಬೆಳಿಗ್ಗೆ ಹೊರಡುವ ಮೊದಲು ಬಟ್ಟೆಯಲ್ಲಿ ಹೊರಗಿನದನ್ನೆಲ್ಲಾ ಒರೆಸಿಬಿಡುತ್ತಿದ್ದೆ. ಒಳಗೆ ಹೋದದ್ದು ಇರುತ್ತದೆ, ಹೊರಗಿನದು ದೂಳು ಹಿಡಿಯುತ್ತದೆ. ನೀರು ಹರಿಯುವ ನಾಲೆಗಳನ್ನು ದಾಟಿದ ದಿನ ಮಾತ್ರ ಸಂಜೆ ಪೂರ್ತಿ ಒರೆಸಿ ಹೊಸದಾಗಿ ಹಾಕುತ್ತಿದ್ದೆ.

ಹಳೇಮೆಕ್ಯಾನಿಕ್ · ಜೂನ್ 7, ರಾತ್ರಿ 8:30

ಹಾಸನದಲ್ಲಿ 31 ವರ್ಷ ಗ್ಯಾರೇಜ್ ನಡೆಸಿದ್ದೇನೆ. ಈಗ ಮಗ ನೋಡಿಕೊಳ್ಳುತ್ತಾನೆ. ಎಲ್ಲರೂ ಎಣ್ಣೆಯ ಮಾತಾಡುತ್ತಿದ್ದೀರಿ. ಅಡಿಕೆತೋಟದವರೇ, ನೀವು ಬರೆದದ್ದರಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಬೇರೆ. "ಸ್ವಲ್ಪ ಲೂಸಾದರೂ ಬಿಗಿ ಮಾಡಿಸುತ್ತೇನೆ" ಎಂದಿದ್ದೀರಿ. ಎಂಜಿನ್ ಸ್ಪ್ರಾಕೆಟ್ ಹತ್ತಿರ ಎಣ್ಣೆ ಜಿನುಗುತ್ತಿದೆ ಎಂದಿದ್ದೀರಿ. ಹಿಂದೆ ಹಾಲಿನ ಕ್ಯಾನು, ಹಿಂಡಿ ಚೀಲ ಇರುತ್ತದೆ ಎಂದಿದ್ದೀರಿ. ಈ ಮೂರನ್ನೂ ಸೇರಿಸಿ ನೋಡಿ.

ನನ್ನ ಗ್ಯಾರೇಜಿಗೆ ಬಂದ ಚೈನುಗಳಲ್ಲಿ ಎಣ್ಣೆ ಇಲ್ಲದೆ ಸತ್ತವುಗಳಿಗಿಂತ ಬಿಗಿಯಾಗಿ ಸತ್ತವು ಜಾಸ್ತಿ. ಖಾಲಿ ಗಾಡಿಯನ್ನು ಸ್ಟ್ಯಾಂಡ್ ಹಾಕಿ, ಚೈನು ನೋಡಲು ಚಂದ ಕಾಣುವಷ್ಟು ಬಿಗಿ ಮಾಡಿ ಕಳಿಸುತ್ತಾರೆ. ಗಿರಾಕಿಗೂ ಖುಷಿ, ಸದ್ದಿಲ್ಲ. ಆಮೇಲೆ ಅದೇ ಗಾಡಿಗೆ ಭಾರ ಹಾಕಿದರೆ ಚೈನು ತಂತಿಯಂತೆ ಬಿಗಿಯಾಗುತ್ತದೆ. ಗುಂಡಿಗೆ ಇಳಿದಾಗಲೆಲ್ಲಾ ಅದು ಎಂಜಿನ್ ಶಾಫ್ಟನ್ನು, ಅಂದರೆ ಮುಂದಿನ ಸ್ಪ್ರಾಕೆಟ್ ಕೂತಿರುವ ದಂಡವನ್ನು, ಹಿಂದಕ್ಕೆ ಎಳೆಯುತ್ತದೆ. ಮೊದಲು ಚೈನು ಉದ್ದವಾಗುತ್ತದೆ. ಆಮೇಲೆ ಶಾಫ್ಟಿನ ಸೀಲ್ ಹೋಗಿ ಎಣ್ಣೆ ಜಿನುಗುತ್ತದೆ. ಅದಕ್ಕೂ ಕಿವಿಗೊಡದಿದ್ದರೆ ಬೇರಿಂಗ್. ಬೇರಿಂಗಿಗೆ ಎಂಜಿನ್ನೇ ಬಿಚ್ಚಬೇಕಾಗುತ್ತದೆ.

ನಾಳೆ ಒಂದು ಕೆಲಸ ಮಾಡಿ. ಕ್ಯಾನಿನಲ್ಲಿ ನೀರು ತುಂಬಿಸಿ ಕಟ್ಟಿ, ಚೀಲ ಇಡಿ, ನೀವೂ ಕೂತುಕೊಳ್ಳಿ. ಮನೆಯವರಿಗೆ ಹೇಳಿ ಚೈನಿನ ಕೆಳಗಿನ ಸಾಲಿನ ನಡುವೆ ಬೆರಳಿಂದ ಎತ್ತಿ ನೋಡಿಸಿ. ಎಷ್ಟು ಆಡುತ್ತದೆ ಎಂದು ಇಲ್ಲಿ ಬರೆಯಿರಿ.

ಲೆಕ್ಕದಮೇಷ್ಟ್ರು · ಜೂನ್ 7, ರಾತ್ರಿ 9:55

ದಾವಣಗೆರೆಯಲ್ಲಿ ಡಿಪ್ಲೊಮಾ ಮಕ್ಕಳಿಗೆ ಮೆಕ್ಯಾನಿಕಲ್ ಪಾಠ ಮಾಡುತ್ತೇನೆ. ಹಳೇಮೆಕ್ಯಾನಿಕ್ ಅವರು ಹೇಳಿದ್ದು ಯಾಕೆ ನಿಜ ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇದೊಂದು ಅರ್ಥವಾದರೆ ಮಿಕ್ಕಿದ್ದೆಲ್ಲಾ ತಾನಾಗಿ ಬರುತ್ತದೆ.

ಗಾಡಿಯ ಪಕ್ಕದಲ್ಲಿ ಕೂತು ಮೂರು ಬಿಂದು ನೋಡಿ. ಒಂದು, ಎಂಜಿನ್ ಸ್ಪ್ರಾಕೆಟಿನ ನಡು. ಎರಡು, ಸ್ವಿಂಗ್ ಆರ್ಮ್ (ಹಿಂದಿನ ಚಕ್ರವನ್ನು ಹಿಡಿದಿರುವ ತೋಳು) ತಿರುಗುವ ಬೋಲ್ಟು. ಮೂರು, ಹಿಂದಿನ ಚಕ್ರದ ಆಕ್ಸಲ್. ಹಿಂದಿನ ಚಕ್ರ ಆಡುವುದು ಎರಡನೇ ಬಿಂದುವಿನ ಸುತ್ತ. ಆದರೆ ಚೈನು ಹೊರಡುವುದು ಒಂದನೇ ಬಿಂದುವಿನಿಂದ. ಹಾಗಾಗಿ ಚಕ್ರ ಮೇಲೆ ಕೆಳಗೆ ಆಡಿದಾಗ ಒಂದಕ್ಕೂ ಮೂರಕ್ಕೂ ನಡುವಿನ ದೂರ ಬದಲಾಗುತ್ತಾ ಇರುತ್ತದೆ. ಮೂರೂ ಒಂದೇ ಗೆರೆಯಲ್ಲಿ ಬಂದಾಗ ಆ ದೂರ ಅತಿ ಹೆಚ್ಚು. ಚೈನು ಅತಿ ಬಿಗಿಯಾಗುವುದೂ ಆಗಲೇ.

ಖಾಲಿ ಗಾಡಿಯಲ್ಲಿ ಆಕ್ಸಲ್ ಆ ಗೆರೆಗಿಂತ ಕೆಳಗಿರುತ್ತದೆ. ಭಾರ ಹಾಕಿದಂತೆ ಗೆರೆಯ ಹತ್ತಿರ ಬರುತ್ತದೆ. ಅಡ್ವೆಂಚರ್ ಗಾಡಿಗಳಲ್ಲಿ ಸಸ್ಪೆನ್ಶನ್ ಓಡಾಟ ಜಾಸ್ತಿ, ಆದ್ದರಿಂದ ಈ ವ್ಯತ್ಯಾಸವೂ ಜಾಸ್ತಿ. ಅದಕ್ಕೇ ಅವುಗಳ ಚೈನು ನಿಂತಾಗ ಸಡಿಲವಾಗಿ ಜೋತುಬಿದ್ದಂತೆ ಕಾಣುತ್ತದೆ. ಆಫ್ರಿಕಾ ಟ್ವಿನ್ 1100ಗೆ ಹೋಂಡಾ ಹೇಳುವುದು 35ರಿಂದ 45 ಮಿ.ಮೀ. ಸಡಿಲ. ಊರೊಳಗಿನ ಗಾಡಿಗೆ 20ರಿಂದ 30 ಸಾಕಾಗುತ್ತದೆ. ಹೊಸದಾಗಿ ಅಡ್ವೆಂಚರ್ ಗಾಡಿ ತಗೊಂಡವರು "ಚೈನ್ ಲೂಸ್ ಇದೆ" ಎಂದು ಹೆದರಿ ಬಿಗಿ ಮಾಡಿಸುವುದನ್ನು ನೋಡಿದಾಗ ನಿಜಕ್ಕೂ ಸಂಕಟವಾಗುತ್ತದೆ. ಸ್ವಿಂಗ್ ಆರ್ಮ್ ಮೇಲೆ ಒಂದು ಸ್ಟಿಕರ್ ಇರುತ್ತದೆ, ಇಲ್ಲವಾದರೆ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಅಲ್ಲಿರುವ ಅಂಕಿಯೇ ಅಂತಿಮ. ಸೈಡ್ ಸ್ಟ್ಯಾಂಡ್ ಮೇಲೆ ನೋಡಬೇಕೋ ಸೆಂಟರ್ ಸ್ಟ್ಯಾಂಡ್ ಮೇಲೋ ಎಂಬುದೂ ಅಲ್ಲೇ ಬರೆದಿರುತ್ತದೆ, ಅದನ್ನೂ ಓದಿ.

ಖಚಿತ ಮಾಡಿಕೊಳ್ಳಬೇಕಿದ್ದರೆ ಹಿಂದಿನ ಸೀಟಿನ ಮೇಲಿಂದ ಪಟ್ಟಿ ಬಿಗಿದು ಸಸ್ಪೆನ್ಶನ್ ಕೆಳಗೆಳೆಯಿರಿ. ಮೂರು ಬಿಂದುವೂ ಗೆರೆಗೆ ಬರಲಿ. ಆಗಲೂ ಚೈನು ಬೆರಳಿಗೆ ಸ್ವಲ್ಪ ಆಡಬೇಕು. ಆಡದಿದ್ದರೆ ಅದು ಬಿಗಿ.

ಅಡಿಕೆತೋಟ · ಜೂನ್ 8, ಮಧ್ಯಾಹ್ನ 1:15

ಹಳೇಮೆಕ್ಯಾನಿಕ್ ಸರ್, ನೀವು ಹೇಳಿದ ಹಾಗೇ ಮಾಡಿದೆವು. ಖಾಲಿ ಇದ್ದಾಗ ಸುಮಾರು 12 ಮಿ.ಮೀ. ಆಡುತ್ತಿತ್ತು. ಕ್ಯಾನು, ಚೀಲ, ನಾನು ಕೂತ ಮೇಲೆ ಮನೆಯವಳು ಎತ್ತಿ ನೋಡಿದಳು. ಆಡಲೇ ಇಲ್ಲ. "ತಂತಿ ಬೇಲಿ ಇದ್ದ ಹಾಗಿದೆ" ಎಂದಳು. ಮ್ಯಾನ್ಯುಯಲ್ ಹುಡುಕಿ ತೆಗೆದೆ. 25ರಿಂದ 30 ಎಂದು ಬರೆದಿದೆ. ಒಂಬತ್ತು ವರ್ಷದಲ್ಲಿ ಆ ಪುಟ ನೋಡಿರಲೇ ಇಲ್ಲ.

ಹಳೇಮೆಕ್ಯಾನಿಕ್ · ಜೂನ್ 8, ಸಂಜೆ 6:40

ಹಾಗಾದರೆ ಕಾರಣ ಸಿಕ್ಕಿತು. ಈಗ ಆ ಚೈನನ್ನು ಸಡಿಲ ಮಾಡಿದರೆ ಉಳಿಯುತ್ತದಾ ಎಂದು ನೋಡಬೇಕು. ಹಿಂದಿನ ಸ್ಪ್ರಾಕೆಟಿನ ತೀರಾ ಹಿಂಬದಿಯಲ್ಲಿ ಚೈನನ್ನು ಹಿಡಿದು ಹಿಂದಕ್ಕೆ ಎಳೆಯಿರಿ. ಹಲ್ಲಿನ ಅರ್ಧದಷ್ಟು ಬೆಳಕು ಕಂಡರೆ ಚೈನು ಮುಗಿದಿದೆ. ಹಲ್ಲುಗಳನ್ನೂ ನೋಡಿ. ಹೊಸತರಲ್ಲಿ ಎರಡೂ ಕಡೆ ಒಂದೇ ಥರ ಇರುತ್ತವೆ. ಸವೆದಾಗ ಒಂದೇ ಕಡೆಗೆ ಬಾಗಿ ಹುಲಿಯುಗುರಿನ ಹಾಗಾಗುತ್ತವೆ. ಚಕ್ರವನ್ನು ಕೈಯಿಂದ ನಿಧಾನ ತಿರುಗಿಸುತ್ತಾ ನಾಲ್ಕೈದು ಕಡೆ ಸಡಿಲ ನೋಡಿ. ಒಂದು ಕಡೆ ಬಿಗಿ, ಇನ್ನೊಂದು ಕಡೆ ಜೋತು ಬಿದ್ದಿದ್ದರೆ ಅದೂ ಮುಗಿದ ಗುರುತು. ಅಂಥ ಚೈನಿನಲ್ಲಿ ಸಡಿಲ ನೋಡುವಾಗ ಯಾವಾಗಲೂ ಅತಿ ಬಿಗಿ ಇರುವ ಜಾಗದಲ್ಲೇ ಅಳೆಯಬೇಕು.

ಒಂದು ಮಾತು, ಕೈ ಮುಗಿದು ಕೇಳುತ್ತೇನೆ. ಚಕ್ರವನ್ನು ಕೈಯಿಂದಲೇ ತಿರುಗಿಸಿ. ಎಂಜಿನ್ ಆಫ್, ಕೀ ಜೇಬಿನಲ್ಲಿ. ಸ್ಟ್ಯಾಂಡ್ ಹಾಕಿ, ಗೇರಿಗೆ ಹಾಕಿ, ಚೈನು ತಾನಾಗಿ ಓಡುವಾಗ ಬಟ್ಟೆ ಹಿಡಿಯುವವರು ತುಂಬಾ ಜನ ಇದ್ದಾರೆ. ನನ್ನ ಹತ್ತಿರ ಕೆಲಸ ಕಲಿಯುತ್ತಿದ್ದ ಹುಡುಗ ಹಾಗೆ ಮಾಡಿದ. ಬಟ್ಟೆ ಸ್ಪ್ರಾಕೆಟಿಗೆ ಸಿಕ್ಕಿತು, ಬಟ್ಟೆಯ ಜೊತೆ ಎರಡು ಬೆರಳಿನ ತುದಿ ಹೋಯಿತು. ನಾನು ಅಲ್ಲೇ ಇದ್ದೆ, ಬೇಡ ಎಂದು ಹೇಳುವಷ್ಟರಲ್ಲಿ ಆಗಿಹೋಯಿತು. ಇಪ್ಪತ್ತು ವರ್ಷವಾದರೂ ಆ ದಿನ ಕಣ್ಣ ಮುಂದೆ ಬರುತ್ತದೆ.

ಲೆಕ್ಕದಮೇಷ್ಟ್ರು · ಜೂನ್ 8, ರಾತ್ರಿ 9:20

ಕಣ್ಣಳತೆಯ ಜೊತೆಗೆ ಸ್ಕೇಲಿನ ಅಳತೆಯೂ ಇರಲಿ. ಚೈನಿನ ಪಕ್ಕದ ತಟ್ಟೆಯ ಮೇಲೆ ಒಂದು ನಂಬರ್ ಕೆತ್ತಿರುತ್ತದೆ. ಸಣ್ಣ ಗಾಡಿಗಳಲ್ಲಿ ಹೆಚ್ಚಾಗಿ 428, ದೊಡ್ಡವುಗಳಲ್ಲಿ 520 ಅಥವಾ 525. 428ರಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ 12.7 ಮಿ.ಮೀ. 520, 525 ಎರಡರಲ್ಲೂ 15.875 ಮಿ.ಮೀ. ಅವೆರಡರ ವ್ಯತ್ಯಾಸ ಅಗಲದಲ್ಲಿ ಮಾತ್ರ.

ಚೈನನ್ನು ಎಳೆದು ನೇರ ಹಿಡಿದು, ಒಂದು ಪಿನ್ನಿನ ನಡುವಿನಿಂದ ಎಣಿಸಿ 21ನೇ ಪಿನ್ನಿನ ನಡುವಿನವರೆಗೆ ಅಳೆಯಿರಿ. ಅಂದರೆ 20 ಕೊಂಡಿ. ಹೊಸ 428 ಆದರೆ 254 ಮಿ.ಮೀ. ಬರಬೇಕು. ಹೊಸ 520 ಆದರೆ 317.5. ನೂರಕ್ಕೆ ಒಂದು ಪಾಲು ಹೆಚ್ಚಾದರೆ ಹೊಸದಕ್ಕೆ ದುಡ್ಡು ಎತ್ತಿಡಿ. ಎರಡು ಪಾಲು ಹೆಚ್ಚಾದರೆ, ಅಂದರೆ 428ಕ್ಕೆ 259, 520ಕ್ಕೆ 324 ದಾಟಿದರೆ, ಅದರ ಮೇಲೆ ಓಡಿಸಬೇಡಿ.

ಜನ "ಚೈನ್ ಹಿಗ್ಗಿತು" ಎನ್ನುತ್ತಾರೆ. ಉಕ್ಕಿನ ತಟ್ಟೆ ಹಿಗ್ಗುವುದಿಲ್ಲ. ಪಿನ್ನು ಮತ್ತು ಅದರ ಸುತ್ತಲಿನ ಬುಷ್ ಒಂದನ್ನೊಂದು ತೇಯುತ್ತವೆ. ಪ್ರತಿ ಕೀಲಿನಲ್ಲಿ ಕೂದಲೆಳೆಯಷ್ಟು ಸವೆತ ಸೇರಿ ಸೇರಿ ಉದ್ದವಾಗುತ್ತದೆ. ಆ ಪಿನ್ನು-ಬುಷ್ ನಡುವೆ ಗ್ರೀಸ್ ಉಳಿಯಲಿ ಎಂದೇ ಓ-ರಿಂಗ್, ಎಕ್ಸ್-ರಿಂಗ್ ಚೈನುಗಳು ಬಂದದ್ದು. ಕಾರ್ಖಾನೆಯಲ್ಲಿ ಗ್ರೀಸ್ ತುಂಬಿ ರಬ್ಬರ್ ಬಳೆ ಹಾಕಿ ಮುಚ್ಚಿರುತ್ತಾರೆ. ನಾವು ಹೊರಗಿಂದ ಹಾಕುವ ಎಣ್ಣೆ ಅಲ್ಲಿಗೆ ಹೋಗುವುದಿಲ್ಲ. ಅದು ರಬ್ಬರ್ ಒಣಗದಂತೆ, ರೋಲರ್ ಮತ್ತು ಹಲ್ಲು ತಿಕ್ಕದಂತೆ, ತುಕ್ಕು ಹಿಡಿಯದಂತೆ ಕಾಯುತ್ತದೆ. ಅದಕ್ಕೇ ಆ ರಬ್ಬರ್ ಬಳೆ ಉಳಿಸಿಕೊಳ್ಳುವುದು ಎಲ್ಲಕ್ಕಿಂತ ದೊಡ್ಡ ಕೆಲಸ.

ಹೊಸಸವಾರ · ಜೂನ್ 9, ಬೆಳಿಗ್ಗೆ 10:10

ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನಾನು ಚೈನನ್ನು ಪೆಟ್ರೋಲಿನಲ್ಲಿ ತೊಳೆದು, ತಂತಿ ಬ್ರಷ್‌ನಲ್ಲಿ ಉಜ್ಜಿ, ಆಮೇಲೆ ವಾಟರ್ ವಾಶ್ ಮಾಡಿಸುತ್ತೇನೆ. ತಪ್ಪಾ? ಎಕ್ಸ್‌ಪಲ್ಸ್ ತಗೊಂಡು ನಾಲ್ಕು ತಿಂಗಳಾಯಿತು.

ಹಳೇಮೆಕ್ಯಾನಿಕ್ · ಜೂನ್ 9, ಸಂಜೆ 7:00

ಮೂರೂ ಬೇಡ ಮಗಾ. ಪೆಟ್ರೋಲಿಗೆ ರಬ್ಬರ್ ಬಳೆ ಉಬ್ಬಿ ಹಾಳಾಗುತ್ತದೆ. ತಂತಿ ಬ್ರಷ್ ಅದನ್ನು ಹರಿಯುತ್ತದೆ. ವಾಟರ್ ವಾಶ್‌ನ ಜೋರು ನೀರು ಒಳಗಿನ ಗ್ರೀಸನ್ನೇ ಹೊರಗೆ ತಳ್ಳುತ್ತದೆ. ವಾಶ್ ಮಾಡಿಸುವಾಗ ಚೈನಿನ ಮೇಲೆ ನೇರ ಹಿಡಿಯಬೇಡಿ ಎಂದು ಹುಡುಗನಿಗೆ ಹೇಳು.

ಸೀಮೆಎಣ್ಣೆ ಒಳ್ಳೆಯದು. ಈಗ ಅದು ಸುಲಭಕ್ಕೆ ಸಿಗುವುದಿಲ್ಲ, ಹಾಗಾಗಿ ನಮ್ಮಲ್ಲಿ ಡೀಸೆಲ್ ಬಳಸುತ್ತೇವೆ. ಡೀಸೆಲ್ ಹಾಕಿದ ಮೇಲೆ ಚೆನ್ನಾಗಿ ಒರೆಸಬೇಕು, ಟಯರಿಗೂ ಡಿಸ್ಕಿಗೂ ಹನಿ ಬೀಳಬಾರದು. ಮೆತ್ತನೆ ಬ್ರಷ್ ಸಾಕು, ಹಳೇ ಹಲ್ಲುಜ್ಜುವ ಬ್ರಷ್ ಆದರೂ ಆಯಿತು. ಸವಾರಿ ಮುಗಿಸಿ ಬಂದ ಕೂಡಲೇ, ಚೈನು ಬೆಚ್ಚಗಿರುವಾಗ ಎಣ್ಣೆ ಹಾಕು. ಕೆಳಗಿನ ಸಾಲಿನ ಒಳಮೈಗೆ ಹಾಕಬೇಕು. ಚಕ್ರ ತಿರುಗುವಾಗ ಅದು ತಾನೇ ಹೊರಗೆ ಹರಡುತ್ತದೆ. ರಾತ್ರಿಯೆಲ್ಲಾ ಹಾಗೇ ಬಿಡು. ಬೆಳಿಗ್ಗೆ ಎಣ್ಣೆ ಹಾಕಿ ಕೂಡಲೇ ಹೊರಟರೆ ಅರ್ಧ ಎಣ್ಣೆ ನಂಬರ್ ಪ್ಲೇಟಿಗೆ ಹೋಗುತ್ತದೆ.

ಕಡಲತಡಿ · ಜೂನ್ 9, ರಾತ್ರಿ 8:45

ಎಷ್ಟು ಕಿ.ಮೀ.ಗೊಮ್ಮೆ ಎಂದೂ ಹೇಳಿಬಿಡಿ ಸರ್. ನಾನು ಮಳೆ ಇಲ್ಲದಾಗ 500ಕ್ಕೊಮ್ಮೆ ಹಾಕುತ್ತೇನೆ. ಎಣ್ಣೆಯೇ ಕಾರಣ ಎಂದು ನಾನು ಮೊದಲು ಹೇಳಿದ್ದು ತಪ್ಪಾಯಿತು. ನಿನ್ನೆ ನನ್ನ ಗಾಡಿಯನ್ನೂ ಹೆಂಡತಿಯನ್ನು ಹಿಂದೆ ಕೂರಿಸಿ ನೋಡಿದೆ. ನನ್ನದೂ ಬಿಗಿಯೇ ಇತ್ತು.

ಹಳೇಮೆಕ್ಯಾನಿಕ್ · ಜೂನ್ 9, ರಾತ್ರಿ 9:15

500 ಸರಿ. ಮಳೆಯಲ್ಲಿ ನೆನೆದ ದಿನ ಕಿ.ಮೀ. ಲೆಕ್ಕ ಬೇಡ, ಒರೆಸಿ ಹಾಕಿ. ನಿಮ್ಮ 90 ನಂಬರ್ ಗೇರ್ ಆಯಿಲ್‌ಗೆ ನನ್ನ ಒಪ್ಪಿಗೆ ಇದೆ. ಸ್ಪ್ರೇ ಆದರೆ ಡಬ್ಬಿಯ ಮೇಲೆ ಓ-ರಿಂಗ್ ಚೈನಿಗೆ ಆಗುತ್ತದೆ ಎಂದು ಬರೆದಿರಬೇಕು. ತುಕ್ಕು ಬಿಡಿಸುವ ತೆಳ್ಳನೆ ಸ್ಪ್ರೇಯನ್ನು ಚೈನ್ ಲ್ಯೂಬ್ ಎಂದು ಹಾಕಬೇಡಿ. ಅದು ನಿಲ್ಲುವುದಿಲ್ಲ.

ಮಲೆನಾಡಿನವರಿಗೆ ಇನ್ನೊಂದು. ಎಂಜಿನ್ ಸ್ಪ್ರಾಕೆಟಿನ ಮುಚ್ಚಳ ಮಳೆಗಾಲದಲ್ಲಿ ಒಂದೆರಡು ಸಲ ಬಿಚ್ಚಿ. ಒಳಗೆ ಕೆಂಪು ಮಣ್ಣು ಎಣ್ಣೆ ಸೇರಿ ಇಟ್ಟಿಗೆಯಂತೆ ಗಟ್ಟಿಯಾಗಿ ಕೂತಿರುತ್ತದೆ. ಚೈನು ದಿನಾ ಅದನ್ನೇ ಕೊರೆಯುತ್ತಾ ಓಡುತ್ತಿರುತ್ತದೆ. ಹಿಂದಿನ ಹಬ್ಬಿನ ಕಪ್ಲಿಂಗ್ ರಬ್ಬರ್ ಸಹ ನೋಡಿ. ಅದು ಸವೆದರೆ ಪ್ರತಿ ಗೇರಿಗೂ ಚೈನಿಗೆ ಒದೆ ಬೀಳುತ್ತದೆ. ಒಂದು ಜೊತೆ ರಬ್ಬರಿಗೆ ಆಗುವ ಖರ್ಚು ಏನೂ ಅಲ್ಲ. ಚೈನ್ ಕಿಟ್ ಹಾಕಿಸುವಾಗ ಚೈನು, ಎರಡು ಸ್ಪ್ರಾಕೆಟ್ ಮೂರನ್ನೂ ಒಟ್ಟಿಗೆ ಹಾಕಿಸಿ. ಚೈನು ಮಾತ್ರ ಹೊಸದು, ಹಲ್ಲು ಹಳೆಯದು ಅಂದರೆ ಹೊಸ ಚೈನನ್ನು ಹಳೇ ಹಲ್ಲು ತಿಂದುಬಿಡುತ್ತದೆ.

ಚೈನಿನ ಎರಡು ತುದಿಯನ್ನು ಕ್ಲಿಪ್ಪಿನಿಂದ ಸೇರಿಸುವ ಚೈನ್ ಲಾಕ್ ಇರುವ ಗಾಡಿಯಲ್ಲಿ ಕ್ಲಿಪ್ಪಿನ ತೆರೆದ ಬಾಯಿ ಚೈನು ಓಡುವ ದಿಕ್ಕಿಗೆ ವಿರುದ್ಧ ಇರಬೇಕು. ತಿರುಗುಮುರುಗಾದರೆ ಒಂದು ಕಡ್ಡಿ ತಾಗಿದರೂ ಹಾರಿಹೋಗುತ್ತದೆ.

ಹೊಸಸವಾರ · ಜೂನ್ 10, ಬೆಳಿಗ್ಗೆ 9:30

ತುಂಬಾ ಥ್ಯಾಂಕ್ಸ್ ಸರ್. ಹತ್ತುವಾಗ ಬಲ ಜಾಸ್ತಿ ಬೇಕು ಎಂದು ಮುಂದಿನ ಸ್ಪ್ರಾಕೆಟ್ ಒಂದು ಹಲ್ಲು ಚಿಕ್ಕದು ಹಾಕಿಸಲಾ?

ಲೆಕ್ಕದಮೇಷ್ಟ್ರು · ಜೂನ್ 10, ರಾತ್ರಿ 8:00

ಲೆಕ್ಕ ನೋಡಿ ತೀರ್ಮಾನಿಸಿ. ಉದಾಹರಣೆಗೆ ಮುಂದೆ 15, ಹಿಂದೆ 45 ಹಲ್ಲು ಇದ್ದರೆ ಅನುಪಾತ 3. ಮುಂದೆ 14 ಹಾಕಿದರೆ 3.21. ನೂರಕ್ಕೆ ಏಳರಷ್ಟು ಬದಲಾವಣೆ. ಅದನ್ನೇ ಹಿಂದೆ ಮಾಡಬೇಕಾದರೆ 48 ಹಲ್ಲು ಬೇಕು. ಮುಂದಿನದು ಅಗ್ಗ, ಸುಲಭ. ಆದರೆ ಚಿಕ್ಕ ಚಕ್ರದ ಸುತ್ತ ಚೈನು ಇನ್ನೂ ಜಾಸ್ತಿ ಬಾಗಬೇಕು, ಬೇಗ ಸವೆಯುತ್ತದೆ. ಸ್ವಿಂಗ್ ಆರ್ಮ್ ಮೇಲಿನ ಸ್ಲೈಡರಿಗೂ ಜಾಸ್ತಿ ತಿಕ್ಕುತ್ತದೆ. ಹೈವೇಯಲ್ಲಿ ಎಂಜಿನ್ ಕೂಗುತ್ತದೆ. ನಾನಾದರೆ ಒಂದು ಮಳೆಗಾಲ ಹಾಗೇ ಓಡಿಸಿ ನೋಡುತ್ತೇನೆ. ಹತ್ತಲು ಆಗದ ಜಾಗ ನಿಜಕ್ಕೂ ಇದ್ದರೆ ಹಿಂದಿನದನ್ನು ಬದಲಿಸುತ್ತೇನೆ.

ಘಾಟಿದಾರಿ · ಜೂನ್ 10, ರಾತ್ರಿ 10:30

ಅಡಿಕೆತೋಟ ಅಣ್ಣ, ಗಾಡಿಯ ವಿಷಯಕ್ಕೆ ಮತ್ತೆ ಬರುತ್ತೇನೆ. ಸೆಪ್ಟೆಂಬರ್ 22, 2025ರಿಂದ ತೆರಿಗೆ ಬದಲಾಗಿದೆ. 350 ಸಿಸಿವರೆಗಿನ ಗಾಡಿಗೆ ಜಿಎಸ್‌ಟಿ ನೂರಕ್ಕೆ 18, ಅದಕ್ಕಿಂತ ಮೇಲಿನದಕ್ಕೆ 40. ಹಾಗಾಗಿ 450 ಮತ್ತು ಎಕ್ಸ್‌ಪಲ್ಸ್ ನಡುವಿನ ಅಂತರ ಮೊದಲಿಗಿಂತ ದೊಡ್ಡದಾಗಿದೆ. 350ರ ಒಳಗೆ ಸುಜುಕಿ ವಿ-ಸ್ಟ್ರಾಮ್ ಎಸ್‌ಎಕ್ಸ್ ಕೂಡ ನೋಡಿ. 249 ಸಿಸಿ, 26.5 ಪಿಎಸ್, ಮುಂದೆ 19 ಇಂಚು. ಡಾಂಬರಿನಲ್ಲಿ ಆರಾಮ, ಸೀಟು ಅಗಲ. ಆದರೆ ನಿಮ್ಮ ಮಣ್ಣಿಗೆ 21 ಇಂಚಿನ ಚಕ್ರವೇ ವಾಸಿ. ಹೊಸೂರಿನಲ್ಲಿ ಟಿವಿಎಸ್ ಮಾಡುವ ಅಪಾಚೆ ಆರ್‌ಟಿಎಕ್ಸ್ 300 ಬಂದಿದೆ, ಅದೂ 19 ಇಂಚಿನದೇ.

ಸೀಟಿನ ಎತ್ತರಕ್ಕೆ ಹೆದರಬೇಡಿ. ಎಲ್ಲವೂ 825-835 ಮಿ.ಮೀ. ಆಸುಪಾಸು. ನಾನು 5 ಅಡಿ 3 ಇಂಚು. ಒಂದೇ ಕಾಲು ಊರಿ ನಿಲ್ಲುವುದು ಅಭ್ಯಾಸವಾಗುತ್ತದೆ.

ಒಂದು ವಿನಂತಿ ಎಲ್ಲರಿಗೂ. ಅಡ್ವೆಂಚರ್ ಗಾಡಿ ಎಂದು ಕಾಡಿನೊಳಗಿನ ದಾರಿಗೆ ನುಗ್ಗಬೇಡಿ. ಮೀಸಲು ಅರಣ್ಯಕ್ಕೆ ಅನುಮತಿ ಬೇಕು. ನಮ್ಮ ಘಟ್ಟದಲ್ಲಿ ಊರಿನ ಮಣ್ಣು ದಾರಿಗಳೇ ಬೇಕಾದಷ್ಟಿವೆ.

ಅಡಿಕೆತೋಟ · ಜೂನ್ 11, ರಾತ್ರಿ 9:00

ಅಳತೆ ತೆಗೆದೆ ಮೇಷ್ಟ್ರೇ. 428 ಚೈನು, 20 ಕೊಂಡಿಗೆ 260 ಮಿ.ಮೀ. ಬಂತು. ಹಲ್ಲುಗಳೂ ಹುಲಿಯುಗುರೇ. ಮುಚ್ಚಳ ಬಿಚ್ಚಿದರೆ ಒಳಗೆ ಎರಡು ಮುಷ್ಟಿ ಮಣ್ಣು. ನಾಳೆ ಪೂರ್ತಿ ಕಿಟ್, ಸೀಲ್, ಕಪ್ಲಿಂಗ್ ರಬ್ಬರ್ ಹಾಕಿಸುತ್ತೇನೆ. ಚೈನ್ ಬಿಗಿ ಮಾಡುವಾಗ ನಾನೇ ನಿಂತು, ಕ್ಯಾನಿಟ್ಟು ನೋಡುತ್ತೇನೆ.

ಹೊಸ ಗಾಡಿ ತಗೊಂಡಿದ್ದರೂ ಇದೇ ತಪ್ಪು ಮಾಡುತ್ತಿದ್ದೆ. ಅದರ ಚೈನು ಇನ್ನೂ ಸಡಿಲ ಕಾಣುತ್ತಿತ್ತು, ನಾನು ಇನ್ನೂ ಬಿಗಿ ಮಾಡಿಸುತ್ತಿದ್ದೆ.

ಅಡಿಕೆತೋಟ · ಆಗಸ್ಟ್ 24, ಸಂಜೆ 7:30

ಎರಡೂವರೆ ತಿಂಗಳ ಮೇಲೆ ಬರೆಯುತ್ತಿದ್ದೇನೆ. ಈ ಸಲದ ಮಳೆ ಪೂರ್ತಿ ಹಳೇ ಗಾಡಿಯಲ್ಲೇ ಕಳೆಯಿತು. ಕಿಟ್ ಹಾಕಿಸಿ 2,600 ಕಿ.ಮೀ. ಆಯಿತು. ಮೊದಲಾದರೆ ಇಷ್ಟರಲ್ಲಿ ಮೂರು ಸಲ ಬಿಗಿ ಮಾಡಿಸುತ್ತಿದ್ದೆ. ಈಗ ಒಂದೇ ಸಲ, ಅದೂ ನಾನೇ ಮಾಡಿದೆ. ಸ್ವಿಂಗ್ ಆರ್ಮಿನ ಮೇಲಿನ ಅಳತೆ ಗೆರೆಯನ್ನು ನಂಬದೆ ದಾರ ಕಟ್ಟಿ ಚಕ್ರ ನೇರ ಇದೆಯಾ ಎಂದೂ ನೋಡಿದೆ. 20 ಕೊಂಡಿ ಇನ್ನೂ 254ರಲ್ಲೇ ಇದೆ. ಸ್ಕೇಲಿಗೆ ವ್ಯತ್ಯಾಸ ಕಾಣುವುದಿಲ್ಲ.

ಎಕ್ಸ್‌ಪಲ್ಸ್ 210 ಓಡಿಸಿ ನೋಡಿದೆ. ನಮ್ಮ ದಾರಿಗೆ ಅದೇ ಎಂದು ಮನಸ್ಸಾಗಿದೆ. ಅಡಿಕೆ ಕೊಯ್ಲು ಮುಗಿದ ಮೇಲೆ ತಗೊಳ್ಳುತ್ತೇನೆ. ಹಾಲಿಗೆ ಹಳೆಯದೇ ಇರಲಿ.

ಹಳೇಮೆಕ್ಯಾನಿಕ್ · ಆಗಸ್ಟ್ 24, ರಾತ್ರಿ 8:10

ಓದಿ ಸಂತೋಷವಾಯಿತು. ಎಂಜಿನ್ ಸ್ಪ್ರಾಕೆಟ್ ಹತ್ತಿರ ಎಣ್ಣೆ ಜಿನುಗುವುದು ನಿಂತಿತಾ? ಹೊಸ ಸೀಲ್ ಹಾಕಿದ ಮೇಲೂ ಜಿನುಗಿದರೆ ಬೇರಿಂಗಿಗೆ ಪೆಟ್ಟು ಬಿದ್ದಿದೆ ಎಂದು ಅರ್ಥ.

ಅಡಿಕೆತೋಟ · ಆಗಸ್ಟ್ 24, ರಾತ್ರಿ 8:40

ನಿಂತಿದೆ ಸರ್. ಈಗಷ್ಟೇ ಟಾರ್ಚ್ ಹಿಡಿದು ನೋಡಿ ಬಂದೆ. ಒಣಗಿದೆ. ಶಾಫ್ಟ್ ಹಿಡಿದು ಅಲ್ಲಾಡಿಸಿಯೂ ನೋಡಿದೆ, ಆಡುವುದಿಲ್ಲ.